ಆರು ಪದ ಬರೆದು ಹುಡುಕುವವಳು

ತಂಗೀ, ನಿನ್ನ ಜಾಲತಾಣ ನೋಡಿದೆ. ಫೋಟೊ ಚೆನ್ನಾಗಿ ಬಂದಿವೆ. ಸೆರಗಿನ ಕೆಂಪು ಕಣ್ಣಿಗೆ ಕಂಡ ಹಾಗೇ ಇದೆ. ಆನ್‌ಲೈನ್‌ನಲ್ಲಿ ಸೀರೆ ಮಾರುವವರಲ್ಲಿ ಅಷ್ಟು ಪ್ರಾಮಾಣಿಕತೆ ಅಪರೂಪ. ಆದರೆ ನೀನು ಫೋನ್ ಮಾಡಿ ಕೇಳಿದ್ದು ಬೇರೆ: “ಗೂಗಲ್‌ನಾಗ ಇಳಕಲ್ ಸೀರಿ ಅಂತ ಹುಡುಕಿದ್ರ ನಮ್ದು ಯಾಕ ಬರೂದಿಲ್ಲ, ದೊಡ್ಡಪ್ಪಾ?” ಬರುವುದಿಲ್ಲ. ಸದ್ಯಕ್ಕಂತೂ ಬರುವುದಿಲ್ಲ. ಬರಲಿ ಎಂದು ಯಾರಿಗೂ ದುಡ್ಡು ಸುರಿಯಲೂ ಬೇಡ. ಇಷ್ಟೇ ಹೇಳಿ ಸುಮ್ಮನಾದರೆ ನಿನಗೆ ಬೇಸರವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

‘ಇಳಕಲ್ ಸೀರೆ’ ಎಂಬ ಎರಡು ಪದದ ಮುಂದೆ ದೊಡ್ಡ ದೊಡ್ಡ ಆನ್‌ಲೈನ್ ಮಳಿಗೆಗಳು, ವಿಕಿಪೀಡಿಯ, ನಿನಗಿಂತ ಎಷ್ಟೋ ಮೊದಲು ತಾಣ ತೆರೆದು ಕುಳಿತ ಕೈಮಗ್ಗದ ಅಂಗಡಿಗಳು ಸಾಲುಗಟ್ಟಿ ನಿಂತಿವೆ. ಅವಕ್ಕೆಲ್ಲ ಬೇರೆ ತಾಣಗಳಿಂದ ಲಿಂಕುಗಳು ಬಂದು ಬಂದು ಬಲ ಕೂಡಿದೆ. ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಟ್ಟಿದ ಲೆಕ್ಕಾಚಾರದ ಮೂಲವೇ ಅದು: ಯಾರ ಕಡೆಗೆ ಹೆಚ್ಚು ಜನ, ಅದರಲ್ಲೂ ತೂಕದ ಜನ, ಬೆರಳು ತೋರಿಸುತ್ತಾರೋ ಅವರು ಮುಂದೆ. 1998ರಲ್ಲಿ ಕಂಪನಿ ಶುರುವಾದ ಮೇಲೆ ಆ ಲೆಕ್ಕಕ್ಕೆ ಬೇಕಾದಷ್ಟು ಅಂಶಗಳು ಸೇರಿದವು, ಆದರೂ ಲಿಂಕಿನ ತೂಕ ಪೂರ್ತಿ ಹೋಗಿಲ್ಲ. ನಿನ್ನ ತಾಣದ ಕಡೆಗೆ ಸದ್ಯ ಬೆರಳು ತೋರಿಸುತ್ತಿರುವುದು ನಿನ್ನ ಗೆಳತಿಯ ಇನ್‌ಸ್ಟಾಗ್ರಾಂ ಒಂದೇ.

ಇರಲಿ, ಹೇಗೋ ಮೊದಲ ಪುಟಕ್ಕೆ ಬಂದೆ ಅಂತಲೇ ಇಟ್ಟುಕೋ. ಆ ಎರಡು ಪದ ಬರೆಯುವವರು ಯಾರು? ಜವಳಿಯ ಮೇಲೆ ಪ್ರಾಜೆಕ್ಟ್ ಮಾಡುವ ಕಾಲೇಜು ಹುಡುಗಿ, ಭಾಷಣಕ್ಕೆ ನಾಲ್ಕು ಸಾಲು ಬೇಕಾದವರು, ಬಾದಾಮಿ ನೋಡಲು ಬಂದವರು, ಸುಮ್ಮನೆ ಚಿತ್ರ ನೋಡುವವರು. ಕೊಳ್ಳುವವರೂ ಇದ್ದಾರೆ, ಆದರೆ ಏನು ಬೇಕೆಂದು ಅವರಿಗೇ ಇನ್ನೂ ಖಾತ್ರಿಯಿಲ್ಲ. ನಿಮ್ಮ ಅಜ್ಜನ ಅಂಗಡಿಯ ಗಾದಿಯ ಮೇಲೆ ಕೂತವರಿಗೆಲ್ಲ ಇದು ಗೊತ್ತಿತ್ತು. “ಸೀರಿ ತೋರಸ್ರಿ” ಎಂದು ಬಂದವರ ಮುಂದೆ ಗಂಟುಗಟ್ಟಲೆ ಬಿಚ್ಚಿ ಹರವಿದರೂ ಕೊನೆಗೆ “ಮತ್ತ ಬರ್ತೀವ್ರಿ” ಎಂದು ಎದ್ದು ಹೋಗುತ್ತಿದ್ದರು. “ಮಗಳ ಕುಬಸ ಐತ್ರಿ, ಹಸರ ರೇಷ್ಮಿ, ಚಿಕ್ಕಿ ದಡಿ, ಟೋಪ್ ಸೆರಗಿಂದು ಕೊಡ್ರಿ” ಎಂದು ಬಂದವರಿಗೆ ಅಜ್ಜ ಎರಡೇ ಸೀರೆ ತೆಗೆದಿಡುತ್ತಿದ್ದ, ಒಂದು ಮಾರಾಟವಾಗುತ್ತಿತ್ತು.

ಲಾಂಗ್-ಟೇಲ್ ಕೀವರ್ಡ್ ಎಂದು ಈ ವ್ಯವಹಾರದವರು ಕರೆಯುವುದು ಈ ಎರಡನೆಯ ಗಿರಾಕಿಯ ಮಾತನ್ನು. 2004ರ ಅಕ್ಟೋಬರ್‌ನಲ್ಲಿ ಕ್ರಿಸ್ ಆ್ಯಂಡರ್ಸನ್ ‘ವೈರ್ಡ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಹೆಸರು ಜನಪ್ರಿಯವಾಯಿತು. ಅವರು ಹೇಳಿದ್ದು ಹುಡುಕಾಟದ ಬಗ್ಗೆ ಅಲ್ಲ. ಪುಸ್ತಕ, ಹಾಡು, ಸಿನಿಮಾಗಳ ಬಗ್ಗೆ. ಎಲ್ಲರೂ ಕೊಳ್ಳುವ ಕೆಲವೇ ಸರಕುಗಳ ಪಕ್ಕದಲ್ಲಿ, ಒಬ್ಬರೋ ಇಬ್ಬರೋ ಕೇಳುವ ಲಕ್ಷಾಂತರ ಸರಕುಗಳಿರುತ್ತವೆ, ಕಪಾಟಿನ ಬಾಡಿಗೆ ಇಲ್ಲದ ಅಂಗಡಿಗೆ ಅವೂ ಸೇರಿ ದೊಡ್ಡ ವ್ಯಾಪಾರವೇ ಆಗುತ್ತದೆ ಎಂಬುದು ಅವರ ವಾದ. ಹುಡುಕಾಟಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ದಿನಾ ತನ್ನಲ್ಲಿಗೆ ಬರುವ ಹುಡುಕಾಟಗಳಲ್ಲಿ ಸುಮಾರು ಶೇ 15ರಷ್ಟು ಹಿಂದೆಂದೂ ಯಾರೂ ಕೇಳಿರದಂಥವು ಎಂದು ಗೂಗಲ್ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. ಯಾರೂ ಕೇಳಿರದ ಪ್ರಶ್ನೆಗೆ ಯಾವ ದೊಡ್ಡ ಮಳಿಗೆಯೂ ಮೊದಲೇ ಪುಟ ಮಾಡಿ ಇಟ್ಟಿರುವುದಿಲ್ಲ. ನೀನು ಒಳಗೆ ಬರಬೇಕಾದ ಬಾಗಿಲು ಅದು.

ಹಾಗಾದರೆ ಜನ ಏನೆಂದು ಹುಡುಕುತ್ತಾರೆ? ಇದಕ್ಕೆ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ತಗೊಳ್ಳಲು ಓಡಬೇಡ. ನಿನ್ನ ವಾಟ್ಸ್‌ಆ್ಯಪ್ ತೆಗೆ. ಗಿರಾಕಿಗಳು ಕಳಿಸಿದ ಮೆಸೇಜುಗಳನ್ನು ಅವರು ಬರೆದ ಮಾತಿನಲ್ಲೇ, ತಿದ್ದದೆ, ಒಂದು ಹಾಳೆಗೆ ಇಳಿಸು. ‘ಬಣ್ಣ ಬಿಡ್ತದೇನ್ರಿ’, ‘ಬ್ಲೌಸ್ ಪೀಸ್ ಬರ್ತದಾ’, ‘ಒಂಬತ್ತು ವಾರ ಇದ್ಯಾ’, ‘ಮನೆಯಲ್ಲೇ ಒಗೀಬಹುದಾ’, ‘ಇದು ಕೈಮಗ್ಗದ್ದೇ ಅಂತ ಹೆಂಗ ನಂಬೋದು’. ಒಬ್ಬಳು ನಿನ್ನನ್ನು ಕೇಳಿದ್ದನ್ನು ಹತ್ತು ಜನ ಗೂಗಲ್‌ನಲ್ಲಿ ಕೇಳಿರುತ್ತಾರೆ. ನಿನ್ನ ನಂಬರ್ ಅವರ ಹತ್ತಿರ ಇಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಊರೂರಿನ ಮಾತಿನ ಮೇಲೆ ಗಮನ ಇಡು. ನಮ್ಮ ಕಡೆ ಕುಬಸ ಅನ್ನುವುದನ್ನು ಮೈಸೂರು, ಬೆಂಗಳೂರಿನವರು ಸೀಮಂತ ಅನ್ನುತ್ತಾರೆ. ನಿನ್ನ ತಾಣದಲ್ಲಿ ಎರಡೂ ಇಲ್ಲ, ‘ಫೆಸ್ಟಿವ್ ಕಲೆಕ್ಷನ್’ ಅಂತ ಇದೆ. ಯಾವ ತಾಯಿ ಮಗಳ ಕುಬಸಕ್ಕೆ ಫೆಸ್ಟಿವ್ ಕಲೆಕ್ಷನ್ ಹುಡುಕುತ್ತಾಳೆ? ಇನ್ನು ಮಹಾರಾಷ್ಟ್ರ. ನಮ್ಮ ಸೀರೆಗೆ ಅಲ್ಲಿ ತಲೆಮಾರುಗಳಿಂದ ಗಿರಾಕಿಗಳಿದ್ದಾರೆ, ಆದರೆ ಅವರ ಬಾಯಲ್ಲಿ ಅದು ‘ಇರಕಲ್’. ಒಂಬತ್ತು ವಾರದ್ದು ‘ನೌವಾರಿ’. ನೀನು ಎಲ್ಲಿಯೂ ಇರಕಲ್ ಎಂದು ಬರೆದೇ ಇಲ್ಲ. ಗುಳೇದಗುಡ್ಡದ ಖಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೆ-ಎಚ್-ಎ-ಎನ್-ಎ ಎಂದು ಬರೆಯುವವರಿದ್ದಾರೆ, ಕೆ-ಎಚ್-ಯು-ಎನ್ ಎಂದು ಬರೆಯುವವರೂ ಇದ್ದಾರೆ. ಇಳಕಲ್ ಎಂಬುದಕ್ಕೂ ಇಲಕಲ್, ಇಳಕಲ್ಲ ಎಂದು ರೂಪಗಳಿವೆ. ಇವೆಲ್ಲವನ್ನೂ ಒಂದೇ ವಾಕ್ಯದಲ್ಲಿ ತುರುಕು ಎಂದು ನಾನು ಹೇಳುತ್ತಿಲ್ಲ. ಮರಾಠಿ ಗಿರಾಕಿಗೆ ಮರಾಠಿಯಲ್ಲೇ ಬೇರೆ ಪುಟ ಮಾಡು, ಯಂತ್ರಾನುವಾದ ಬೇಡ. ಸೊಲ್ಲಾಪುರದ ನಿನ್ನ ಅತ್ತೆಯ ಹತ್ತಿರ ಬರೆಸು, ಅವಳಿಗೂ ಖುಷಿಯಾದೀತು.

ಕನ್ನಡದಲ್ಲಿ ಯಾರು ಹುಡುಕುತ್ತಾರೆ ಎಂದು ಮೂಗು ಮುರಿಯಬೇಡ. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡವನ್ನೂ ಸೇರಿಸಿತು. ಅಂದಿನಿಂದ ಕೀಲಿಮಣೆಯ ತಂಟೆಯೇ ಬೇಡವೆಂದು ಮೈಕ್ ಒತ್ತಿ ಮಾತಾಡುವವರು ಎಷ್ಟೋ ಜನ. ಮಾತಾಡುವವರು ಎರಡು ಪದದಲ್ಲಿ ಕೇಳುವುದಿಲ್ಲ, ಪೂರ್ತಿ ವಾಕ್ಯದಲ್ಲಿ ಕೇಳುತ್ತಾರೆ. 2019ರ ಅಕ್ಟೋಬರ್‌ನಲ್ಲಿ ‘ಬರ್ಟ್’ ಎಂಬ ಭಾಷಾ ಮಾದರಿಯನ್ನು ಗೂಗಲ್ ಮೊದಲು ಇಂಗ್ಲಿಷ್ ಹುಡುಕಾಟಕ್ಕೆ ಅಳವಡಿಸಿತು, ಡಿಸೆಂಬರ್ ಹೊತ್ತಿಗೆ ಕನ್ನಡವೂ ಸೇರಿದ ಹಾಗೆ 70ಕ್ಕೂ ಹೆಚ್ಚು ಭಾಷೆಗಳಿಗೆ ತಂದಿತು. ವಾಕ್ಯದಲ್ಲಿ ಪದಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂದು ನೋಡುವ ಕೆಲಸ ಅದರದು. ಆದ್ದರಿಂದ ‘ಸೀರೆ’, ‘ಸೀರೆಗೆ’, ‘ಸೀರೆಯನ್ನು’ ಎಂದು ಎಲ್ಲ ವಿಭಕ್ತಿಗಳಲ್ಲೂ ಕೀವರ್ಡ್ ಬರೆದಿಡುವ ಹಳೆಯ ಚಾಳಿ ಈಗ ಬೇಕಿಲ್ಲ. ಸಹಜ ಕನ್ನಡ ಬರೆದರೆ ಸಾಕು.

ಪರಿಕರಗಳ ವಿಷಯ ಬೇಗ ಮುಗಿಸುತ್ತೇನೆ, ಅವು ಬೋರು. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಅರ್ಧ ವಾಕ್ಯ ಬರೆದು ನಿಲ್ಲಿಸಿದರೆ ಕೆಳಗೆ ಸಾಲುಸಾಲು ಸಲಹೆ ಬರುತ್ತವಲ್ಲ, ಅವನ್ನು ಬರೆದುಕೋ. ಫಲಿತಾಂಶದ ನಡುವೆ ‘ಜನ ಇದನ್ನೂ ಕೇಳುತ್ತಾರೆ’ ಎಂಬ ಡಬ್ಬಿ ಬಂದರೆ ಅದನ್ನೂ ನೋಡು. ಕೀವರ್ಡ್ ಪ್ಲಾನರ್ ಜಾಹೀರಾತು ಕೊಡುವವರಿಗಾಗಿ ಮಾಡಿದ್ದು. ಜಾಹೀರಾತಿಗೆ ಖರ್ಚು ಮಾಡದವರಿಗೆ ಅದು ಸಾಮಾನ್ಯವಾಗಿ ‘10ರಿಂದ 100’ ಎಂಬಂಥ ಅಗಲವಾದ ಅಂದಾಜು ಮಾತ್ರ ತೋರಿಸುತ್ತದೆ, ಎಷ್ಟೋ ಉದ್ದನೆಯ ಮಾತಿಗೆ ಏನನ್ನೂ ತೋರಿಸುವುದಿಲ್ಲ. ಅದನ್ನು ನೋಡಿ ‘ಯಾರೂ ಹುಡುಕುವುದಿಲ್ಲ’ ಎಂದು ಪುಟ ಬಿಡಬೇಡ. ತಿಂಗಳಿಗೆ ಎಂಟು ಜನ ಹುಡುಕಿ, ಇಬ್ಬರು ಕೊಂಡರೆ ಒಂದು ಮಗ್ಗಕ್ಕೆ ಅದು ಸಣ್ಣ ಮಾತೇನಲ್ಲ. ದೊಡ್ಡ ಮಳಿಗೆಗೆ ಆ ಎಂಟು ಜನ ಲೆಕ್ಕಕ್ಕಿಲ್ಲ, ಅದಕ್ಕೇ ಅವರನ್ನು ನಿನಗೆ ಬಿಟ್ಟಿದೆ.

ಈಗ ಬರೆಯುವ ಕೆಲಸ. ಮೊದಲಿಗೆ ನಿನ್ನ ತಾಣದ ದೊಡ್ಡ ತೊಡಕನ್ನು ಹೇಳಿಬಿಡುತ್ತೇನೆ: ಒಂದೊಂದು ಸೀರೆಗೆ ಒಂದೊಂದು ಪುಟ ಮಾಡಿದ್ದೀಯ. ಕೈಮಗ್ಗದ್ದು ಒಂದು ಮಾರಿದರೆ ಅಂಥದ್ದೇ ಇನ್ನೊಂದು ಸಿಗುವುದಿಲ್ಲ. ಸೀರೆ ಹೋದ ಮೇಲೆ ಪುಟ ಅಳಿಸುತ್ತೀಯ. ಅಂದರೆ ಆ ಪುಟ ಗೂಗಲ್‌ಗೆ ಪರಿಚಯವಾಗಿ, ನಾಲ್ಕು ಜನ ಬರಲು ಶುರುವಾಗುವ ಹೊತ್ತಿಗೆ ಇಲ್ಲವಾಗುತ್ತದೆ. ಅದರ ಬದಲು ಬಗೆಗೊಂದು ಪುಟ ಇರಲಿ. ‘ಕುಬಸಕ್ಕೆ, ಸೀಮಂತಕ್ಕೆ ಹಸಿರು ಇಳಕಲ್ ಸೀರೆ’ ಎಂಬುದು ಶಾಶ್ವತ ಪುಟ; ಅದರೊಳಗೆ ಇವತ್ತು ಕೈಯಲ್ಲಿರುವ ಸೀರೆಗಳು ಬಂದು ಹೋಗುತ್ತಿರಲಿ. ಮಾರಿದ್ದರ ಫೋಟೊ ಒಂದೆರಡು ಉಳಿಸಿ ‘ಇದು ಹೋಯಿತು, ಇಂಥದ್ದು ನೇಯಿಸಿ ಕೊಡುತ್ತೇವೆ’ ಎಂದು ಬರೆ, ಎಷ್ಟು ದಿನ ಹಿಡಿಯುತ್ತದೆ ಅನ್ನುವುದನ್ನೂ ಹೇಳು. ಕುಬಸದ ದಿನ ಮೊದಲೇ ಗೊತ್ತಾಗಿರುತ್ತದೆ, ಆ ದಿನದೊಳಗೆ ಸೀರೆ ತಲುಪುತ್ತದೋ ಇಲ್ಲವೋ ಎಂಬುದು ಅವಳ ನಿಜವಾದ ಚಿಂತೆ. ಜೊತೆಗೆ ಯಾವ ಖಣ ಹೊಂದುತ್ತದೆ ಎಂದೂ ಅಲ್ಲೇ ತೋರಿಸು.

ಒಂದು ಅಗತ್ಯಕ್ಕೆ ಒಂದು ಪುಟ. ‘ಹಸಿರು ಇಳಕಲ್ ಸೀರೆ’, ‘ಇಳಕಲ್ ಹಸಿರು ಸೀರೆ’, ‘ಹಸಿರು ಬಣ್ಣದ ಇಳಕಲ್ ಸೀರೆ’ ಎಂದು ಮೂರು ಪುಟ ಮಾಡಿದರೆ ಮೂರೂ ತಮ್ಮತಮ್ಮೊಳಗೇ ಕಚ್ಚಾಡಿ ಹಿಂದೆ ಬೀಳುತ್ತವೆ. ಆ ಮಾತು ಪುಟದ ಟೈಟಲ್‌ನಲ್ಲಿ, ಮೇಲಿನ ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಒಮ್ಮೆ ಬಂದರೆ ಆಯಿತು. ಫೋಟೊದ ಆಲ್ಟ್ ಟೆಕ್ಸ್ಟ್‌ನಲ್ಲಿ ಕ್ಯಾಮೆರಾ ಇಟ್ಟ ನಂಬರ್ ಬಿಟ್ಟು, ಕಣ್ಣು ಕಾಣದವರಿಗೆ ಓದಿ ಹೇಳುವ ಹಾಗೆ ‘ಗಿರಿ ಕುಂಕುಮ ಬಣ್ಣದ ಒಡಲು, ಗೋಮಿ ದಡಿ’ ಎಂದು ಬರೆ. ಮೆಟಾ ಕೀವರ್ಡ್ ಎಂಬ ಪೆಟ್ಟಿಗೆ ಖಾಲಿ ಬಿಡು. ಕ್ರಮಾಂಕಕ್ಕೆ ಅದನ್ನು ಬಳಸುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಇನ್ನೂ ಅದನ್ನು ತುಂಬಿಸಿ ಬಿಲ್ ಮಾಡುವವರಿದ್ದಾರೆ.

ನಾನು ನಿನ್ನಿಂದ ಮುಖ್ಯವಾಗಿ ಬಯಸುವುದು ಇನ್ನೊಂದು ಪುಟವನ್ನು: ‘ಕೈಮಗ್ಗದ ಇಳಕಲ್ ಸೀರೆ ಗುರುತಿಸುವುದು ಹೇಗೆ’. ಇದನ್ನು ಬರೆಯಲು ನಿನಗಿಂತ ಅರ್ಹರು ಎಷ್ಟು ಜನ ಸಿಕ್ಕಾರು? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೊಂಡಿ ನಮ್ಮ ಸೀರೆಯ ಗುರುತು. ಅದನ್ನು ನಿಮ್ಮವ್ವ ಕೂತು ಹಾಕುವುದನ್ನು ನೀನು ದಿನಾ ನೋಡುತ್ತೀಯ. ಅವಳ ಬೆರಳುಗಳ ಹತ್ತಿರ ಫೋನ್ ಹಿಡಿದು ಒಂದು ವಿಡಿಯೊ ತೆಗೆ. ಒಡಲೂ ಸೆರಗೂ ಸೇರುವ ಜಾಗವನ್ನು ತಿರುವಿ ಹಿಂಬದಿಯ ಫೋಟೊ ಹಾಕು. ಪವರ್‌ಲೂಮ್‌ನಲ್ಲಿ ನೇಯ್ದು, ಸೆರಗಿನ ವಿನ್ಯಾಸವನ್ನು ಬರೀ ಅಚ್ಚೊತ್ತಿದ ಸೀರೆಯೂ ಪೇಟೆಯಲ್ಲಿ ಇದೇ ಹೆಸರಲ್ಲಿ ಸಿಗುತ್ತದಲ್ಲ, ಅದನ್ನೂ ಪಕ್ಕದಲ್ಲಿಟ್ಟು ತೋರಿಸು. ಯಾರ ಅಂಗಡಿಯದು ಎಂದು ಬರೆಯಬೇಡ, ಜಗಳ ಬೇಡ. ಕೈಮಗ್ಗದ ಸರಕಿಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ. ಇವು ಏನು, ಏನಲ್ಲ ಎಂದು ಎರಡು ಸಾಲಲ್ಲಿ ಹೇಳು.

ಕಸೂತಿಗೂ ಹೀಗೇ. ‘ಆನೆ ಅಂಬಾರಿ ಕಸೂತಿ ಇರುವ ಚಂದ್ರಕಾಳಿ ಸೀರೆ’ ಎಂದು ಹುಡುಕುವವಳಿಗೆ ಕೈಕಸೂತಿ ಯಾವುದು, ಮಷೀನಿನದು ಯಾವುದು ಎಂಬ ಅನುಮಾನ ಇದ್ದೇ ಇರುತ್ತದೆ. ಗವಂತಿ, ಮುರಗಿ ಹೊಲಿಗೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ ಎಂಬ ಒಂದು ವಾಕ್ಯ, ಹಿಂಬದಿಯ ಒಂದು ಫೋಟೊ ಅವಳಿಗೆ ಬೇಕಾದಷ್ಟಾಯಿತು. ಅಂಥ ಪುಟಕ್ಕೆ ಜವಳಿ ಕಲಿಸುವ ಮೇಷ್ಟ್ರು, ಬಟ್ಟೆಯ ಬಗ್ಗೆ ಬರೆಯುವವರು ತಾವಾಗಿ ಲಿಂಕ್ ಕೊಡುತ್ತಾರೆ. ಆ ಲಿಂಕಿನ ಬಲ ನಿನ್ನ ಉಳಿದ ಪುಟಗಳಿಗೂ ಸಿಗಬೇಕಾದರೆ, ಅಲ್ಲಿಂದ ಸೀರೆ ಮಾರುವ ಪುಟಗಳಿಗೆ ನೀನೇ ದಾರಿ ಮಾಡಿಟ್ಟಿರಬೇಕು.

ಕೀವರ್ಡ್ ಸಿಕ್ಕಿತೆಂದು ಸುಳ್ಳು ಹೇಳಬೇಡ. ಆರ್ಟ್ ಸಿಲ್ಕ್ ಸೀರೆಯ ಪುಟಕ್ಕೆ ‘ಶುದ್ಧ ರೇಷ್ಮೆ’ ಎಂದು ಹೆಸರಿಟ್ಟರೆ ಜನ ಬರುತ್ತಾರೆ, ನಿಜ. ಪಾರ್ಸೆಲ್ಲೂ ವಾಪಸ್ ಬರುತ್ತದೆ, ಹೋಗುವಾಗಿನ ಕೊರಿಯರ್ ಖರ್ಚಿನ ಜೊತೆ ಬರುವಾಗಿನದೂ ನಿನ್ನ ತಲೆಗೇ.

ಇನ್ನು ಕೆಲವರು ನಿನಗೆ ಫೋನ್ ಮಾಡುತ್ತಾರೆ, ಈಗಾಗಲೇ ಮಾಡಿರಬಹುದು. ‘ಒಂದು ತಿಂಗಳಲ್ಲಿ ಫಸ್ಟ್ ಪೇಜ್ ಗ್ಯಾರಂಟಿ’ ಎನ್ನುವವರು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿಟ್ಟಿದೆ, ಅದನ್ನು ಓದಿ ಹೇಳಿ ಫೋನ್ ಇಡು. ಮತ್ತೆ ಕೆಲವರು ‘ಸಾವಿರ ಕೀವರ್ಡ್, ಸಾವಿರ ಪುಟ, ಎಲ್ಲ ಎಐ ಬರೆದುಕೊಡುತ್ತದೆ’ ಎನ್ನುತ್ತಾರೆ. ‘ಬೀದರ್‌ನಲ್ಲಿ ಇಳಕಲ್ ಸೀರೆ’, ‘ಬಳ್ಳಾರಿಯಲ್ಲಿ ಇಳಕಲ್ ಸೀರೆ’ ಎಂದು ಊರ ಹೆಸರು ಮಾತ್ರ ಬದಲಿಸಿ ಪುಟ ಹೆರುವ ಉಪಾಯ ಬಹಳ ಹಳೆಯದು. 2011ರ ಫೆಬ್ರುವರಿಯಲ್ಲಿ ‘ಪಾಂಡಾ’ ಎಂಬ ಬದಲಾವಣೆ ತಂದು, ಕೀವರ್ಡ್ ನೋಡಿ ನೋಡಿ ತೆಳ್ಳನೆಯ ಲೇಖನ ಸುರಿಯುತ್ತಿದ್ದ ತಾಣಗಳನ್ನು ಗೂಗಲ್ ಕೆಳಗಿಳಿಸಿತು. 2024ರ ಮಾರ್ಚ್‌ನಲ್ಲಿ, ಮನುಷ್ಯ ಬರೆದರೂ ಸರಿ, ಯಂತ್ರ ಬರೆದರೂ ಸರಿ, ಕ್ರಮಾಂಕಕ್ಕಾಗಿಯೇ ರಾಶಿಗಟ್ಟಲೆ ಮಾಡಿದ ಪುಟಗಳನ್ನು ಸ್ಪ್ಯಾಮ್ ಎಂದೇ ನಿಯಮ ಮಾಡಿತು. ಹನ್ನೆರಡು ಪುಟ ಬರೆ, ಅವನ್ನು ಚೆನ್ನಾಗಿ ಬರೆ.

ಒಂದು ಹೊಸ ತೊಡಕೂ ಇದೆ, ಮುಚ್ಚಿಡುವುದಿಲ್ಲ. 2024ರ ಆಗಸ್ಟ್‌ನಿಂದ ನಮ್ಮ ದೇಶದಲ್ಲೂ ಗೂಗಲ್ ಕೆಲವು ಹುಡುಕಾಟಗಳ ಮೇಲ್ಗಡೆ ಎಐ ಬರೆದ ಉತ್ತರ ತೋರಿಸುತ್ತಿದೆ. ‘ರೇಷ್ಮೆ ಸೀರೆ ಒಗೆಯುವುದು ಹೇಗೆ’ ಎಂಬಂಥ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿದರೆ ಎಷ್ಟೋ ಜನ ಕೆಳಗೆ ಇಳಿಯುವುದೇ ಇಲ್ಲ. ಎಲ್ಲರೂ ಬರೆಯಬಹುದಾದ ಪುಟದ ಬೆಲೆ ಹೀಗೆ ಇಳಿಯುತ್ತಿದೆ. ನಿನ್ನ ಮಗ್ಗದ ಸೀರೆ, ನಿಮ್ಮವ್ವನ ಕೊಂಡಿ, ಇವತ್ತಿನ ಬೆಲೆ, ತಲುಪಿಸುವ ದಿನ, ಇವು ಬೇಕಾದವರು ನಿನ್ನ ಪುಟಕ್ಕೇ ಬರಬೇಕು. ನಿನ್ನ ಶ್ರಮ ಅಲ್ಲಿ ಬೀಳಲಿ.

ಪುಟ ಹಾಕಿದ ಮಾರನೆಯ ದಿನದಿಂದ ಗೂಗಲ್ ತೆಗೆದು ನೋಡುತ್ತ ಕೂರಬೇಡ. ನೀನೇ ಹುಡುಕಿದರೆ ನಿನ್ನ ಫೋನು ನಿನ್ನ ಊರು ನೋಡಿ, ನಿನ್ನ ಹಿಂದಿನ ಹುಡುಕಾಟ ನೋಡಿ ಬೇರೆಯದೇ ಕ್ರಮ ತೋರಿಸಬಹುದು. ಅದಕ್ಕೆ ಸರ್ಚ್ ಕನ್ಸೋಲ್ ಇದೆ, ಪುಕ್ಕಟೆ. ಜನ ಏನು ಹುಡುಕಿದಾಗ ನಿನ್ನ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನ ಎಂಬುದನ್ನು 16 ತಿಂಗಳವರೆಗೆ ಹಿಂದಕ್ಕೆ ಹೋಗಿ ತೋರಿಸುತ್ತದೆ. ಅದರಲ್ಲಿ ಎಂಟರಿಂದ ಇಪ್ಪತ್ತನೆಯ ಸ್ಥಾನದಲ್ಲಿರುವ ಉದ್ದನೆಯ ಹುಡುಕಾಟಗಳನ್ನು ಹೆಕ್ಕು. ಆ ಮಾತಿಗೆ ನಿನ್ನ ಪುಟದಲ್ಲಿ ನೇರ ಉತ್ತರ ಇದೆಯೇ ನೋಡು, ಇಲ್ಲದಿದ್ದರೆ ಒಂದು ಪ್ಯಾರಾ ಸೇರಿಸು. ಹೊಸ ಪುಟಕ್ಕಿಂತ ಇದರಿಂದ ಬೇಗ ಫಲ ಬರುತ್ತದೆ. ಒಂದು ಎಚ್ಚರಿಕೆ: ತೀರ ಕಡಿಮೆ ಜನ ಕೇಳಿದ ಹುಡುಕಾಟಗಳನ್ನು, ಹುಡುಕಿದವರ ಗುಟ್ಟು ಕಾಯಲೆಂದು, ಅದು ಪಟ್ಟಿಯಲ್ಲಿ ತೋರಿಸುವುದಿಲ್ಲ. ಮೇಲಿನ ಒಟ್ಟು ಕ್ಲಿಕ್‌ಗೂ ಕೆಳಗಿನ ಸಾಲುಗಳನ್ನು ಕೂಡಿದಾಗ ಬರುವ ಮೊತ್ತಕ್ಕೂ ತಾಳೆಯಾಗದಿದ್ದರೆ ಗಾಬರಿ ಬೀಳಬೇಡ. ನಿನಗೆ ಬೇಕಾದ ಗಿರಾಕಿಗಳಲ್ಲಿ ಅನೇಕರು ಆ ಕಾಣದ ಸಾಲುಗಳಲ್ಲೇ ಇರುತ್ತಾರೆ. ಅವರ ಮಾತು ಮತ್ತೆ ನಿನ್ನ ವಾಟ್ಸ್‌ಆ್ಯಪ್‌ನಲ್ಲೇ ಸಿಗಬೇಕು.

ನಿಮ್ಮಪ್ಪನಿಗೆ ಇದೆಲ್ಲ ನಿಧಾನ ಅನಿಸುತ್ತದೆ. “ಫೇಸ್‌ಬುಕ್‌ಗೆ ಜಾಹೀರಾತು ಕೊಟ್ರ ಇವತ್ತ ಫೋನ್ ಬರ್ತಾವ” ಎನ್ನುತ್ತಾನೆ. ಬರುತ್ತವೆ, ಹಣ ಕಟ್ಟುವುದನ್ನು ನಿಲ್ಲಿಸಿದ ದಿನ ನಿಲ್ಲುತ್ತವೆ. ಹಬ್ಬದ ಮುಂದೆ ಸ್ವಲ್ಪ ಜಾಹೀರಾತು ಕೊಡು, ಬೇಡ ಅನ್ನುವುದಿಲ್ಲ; ಅವನ ಜೊತೆ ವಾದ ಮಾಡಿ ಮನೆಯ ನೆಮ್ಮದಿ ಕೆಡಿಸಿಕೊಳ್ಳುವಷ್ಟು ದೊಡ್ಡ ವಿಷಯವಲ್ಲ.

ಈಗ ಆಗಬೇಕಾದ ಕೆಲಸ ಒಂದಿದೆ. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆ ಉಡುತ್ತಾರೆ, ನಮ್ಮ ಚಂದ್ರಕಾಳಿ ಅವರಿಗೆ ಬೇಕಾದದ್ದೇ. ಹುಡುಕಾಟ ಏರುವುದು ಡಿಸೆಂಬರ್ ಕೊನೆಗೆ, ಜನವರಿ ಮೊದಲ ವಾರಕ್ಕೆ. ಆಗ ಪುಟ ಹಾಕಿದರೆ ಗೂಗಲ್ ಅದನ್ನು ಕಂಡು ಓದಿ ಮೇಲೆ ತರುವಷ್ಟರಲ್ಲಿ ಎಳ್ಳು ಬೀರಿ ಮುಗಿದಿರುತ್ತದೆ. ‘ಸಂಕ್ರಾಂತಿಗೆ ಕಪ್ಪು ಇರಕಲ್ ಸೀರೆ’ ಪುಟ ದೀಪಾವಳಿಯೊಳಗೆ ಹತ್ತಬೇಕು, ಪ್ರತಿ ವರ್ಷ ಅದೇ ವಿಳಾಸದಲ್ಲಿ ಇರಬೇಕು. ಈ ವಾರ ಅತ್ತೆಗೆ ಫೋನ್ ಮಾಡಿ ಮರಾಠಿಯಲ್ಲಿ ಬರೆಸಿಕೋ. ಕನ್ನಡದ್ದು ನೀನು ಬರೆ, ಕಾಗುಣಿತ ನಾನು ನೋಡಿಕೊಡುತ್ತೇನೆ.